ಮಾತು ಕೇಳದ ವೈರ್‌ಲೆಸ್ ಕಾರ್ಡು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ. ದಣಿವು ಹಾಗಲ್ಲ, ಬಂತೆಂದರೆ ಠಿಕಾಣಿ ಹೂಡಿಬಿಡುತ್ತದೆ. ಅಂಥದೊಂದು ದಣಿವು ನನಗೆ ಅಂಟಿಕೊಂಡದ್ದು ಎರಡು ಸಾವಿರದ ಐದಾರನೇ ಇಸವಿಯಲ್ಲಿ, ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ. ಕಾರಣ, ಕಂಪ್ಯೂಟರಿಗೆ ತಂತಿಯಿಲ್ಲದೆ ಇಂಟರ್‌ನೆಟ್ ತರುವ, ಅಂಗೈಯಗಲದ ಒಂದು ವೈರ್‌ಲೆಸ್ ಕಾರ್ಡು. ಕದ್ದ ವಿಂಡೋಸ್ ಬೇಡ, ಲ್ಯಾಬಿಗೆಲ್ಲ ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಎಂದು ಪ್ರಿನ್ಸಿಪಾಲರ ಬೆನ್ನು ಹತ್ತಿ ಒಪ್ಪಿಸಿದವನು ನಾನೇ. ಕಾರ್ಡು ಬಂತು, ಲಿನಕ್ಸಿಗೆ ಅದರ ಗುರುತೇ ಹತ್ತಲಿಲ್ಲ. ಅದನ್ನು ದುಡಿಸಲು ಡ್ರೈವರ್ ಎಂಬ ಪುಟ್ಟ ಸಾಫ್ಟ್‌ವೇರ್ ಬೇಕು. ಕಂಪನಿ ಅದನ್ನು ವಿಂಡೋಸಿಗೆ ಮಾತ್ರ ಮಾಡಿತ್ತು. ಕಾರ್ಡಿನ ಒಳವಿವರವನ್ನಾದರೂ ಕೊಡಿ, ಡ್ರೈವರ್ ಬರೆಯಬಲ್ಲವರು ಬೇಕಾದಷ್ಟಿದ್ದಾರೆ ಎಂದು ಮೂರು ಸಲ ಇಮೇಲ್ ಬರೆದೆ. ವ್ಯಾಪಾರದ ಗುಟ್ಟು, ಕೊಡಲಾಗದು ಎಂದು ಮೂರು ಸಲವೂ ಅದೇ ಉತ್ತರ ಬಂತು.

“ಸೋಮವಾರದ ತನಕಾ ನೋಡತೇನಿ ಸರ್. ಆಗಲಿಲ್ಲಂದ್ರ ಎಲ್ಲಾ ತಗದು ಹಳೇದ ಹಾಕ್ರಿ,” ಅಂದರು ಪ್ರಿನ್ಸಿಪಾಲರು. ಎರಡು ವರ್ಷ ಹೊಡೆದಾಡಿ ಕಟ್ಟಿದ ಲ್ಯಾಬು ಒಂದು ಕಾರ್ಡಿನ ಸಲುವಾಗಿ ಹೋಗುವುದಿತ್ತು. ಊಟ ರುಚಿಸಲಿಲ್ಲ.

ಸಂಪಗಾಂವದಿಂದ ಬಂದಿದ್ದ ಮಾವನವರು ಒಕ್ಕಲುತನದವರು. ನನ್ನ ಗೋಳು ಕೇಳಿ ಅವರಿಗೇ ಸಿಟ್ಟು ಬಂತು. “ಅಲ್ರೀ, ನಾವು ಎತ್ತು ಮಾರಿದ್ರ ಬರೇ ಹಗ್ಗಾ ಕೈಯಾಗ ಕೊಟ್ಟು ಕಳಸಂಗಿಲ್ಲ. ಅದರ ಹೆಸರೇನು, ಯಾವ ಮಾತಿಗೆ ನಡೀತೈತಿ, ಯಾವ ಮಾತಿಗೆ ನಿಲ್ಲತೈತಿ, ಎಡಕ್ಕ ಹೂಡಬೇಕೋ ಬಲಕ್ಕೋ, ಎಲ್ಲಾ ಹೇಳೇ ಕಳಸೂದು. ಇವರಿಗೇನಾಗೇತಿ ಧಾಡಿ?”

“ಅದು ಗುಟ್ಟಂತ್ರಿ ಮಾವಾರ.”

“ಮಾರಿದ ಮ್ಯಾಲ ಎಂಥಾ ಗುಟ್ಟರೀ! ಎತ್ತು ಇನ್ನಾ ಅವರದ ಐತೇನು?”

ಈ ಪ್ರಶ್ನೆಯನ್ನು ನಾಲ್ಕನೆಯ ಇಮೇಲಿನಲ್ಲಿ ಕಳಿಸಬೇಕೆಂದುಕೊಂಡೆ, ಇಂಗ್ಲಿಷಿನಲ್ಲಿ ಅದರ ಖಾರವೇ ಹೋಗಿಬಿಡುತ್ತಿತ್ತು, ಬಿಟ್ಟೆ. ಭಾನುವಾರ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದಾಗ, ಎಲ್ಲಿಯದೋ ದೇಶದ ಒಬ್ಬ ಪುಣ್ಯಾತ್ಮ ದಾರಿ ಬರೆದಿಟ್ಟಿದ್ದ. ವಿಂಡೋಸಿನ ಡ್ರೈವರನ್ನೇ ಲಿನಕ್ಸಿನೊಳಗೆ ಪುಸಲಾಯಿಸಿ ಕೂಡಿಸುವ ಒಂಬತ್ತು ಸಾಲಿನ ಉಪಾಯ. ಸೋಮವಾರ ಕಾರ್ಡು ಮಾತು ಕೇಳಿತು. “ಶಾಬಾಸ್ ಸರ್!” ಎಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಲ್ಯಾಬು ಉಳಿಯಿತು, ತಾಲೂಕಿನಲ್ಲಿ ನನ್ನ ಹೆಸರೂ ಆಯಿತು.

ತಿಂಗಳೊಳಗೆ ಕಿತ್ತೂರಿನ ಮೇಷ್ಟ್ರೊಬ್ಬರ ಫೋನು. ಅದೇ ಕಾರ್ಡು, ಅದೇ ಗೋಳು. “ಹೆಂಗ ಮಾಡಿದ್ರಿ ಸರ್? ಒಂದೀಟು ಬರದು ಕಳಸ್ರಲಾ.”

ಒಂಬತ್ತು ಸಾಲು. ಅಂಚೆ ಕಾರ್ಡಿನಲ್ಲಿ ಹಿಡಿಸುತ್ತಿತ್ತು.

“ಅದು ಬರದು ತಿಳಿಯೂವಂಥಾದ್ದಲ್ರಿ, ಭಾಳ ನಾಜೂಕ ಐತಿ. ನಾನ ಬರತೇನಿ ತಗೋರಿ,” ಎಂದೆ.

ಹೋದೆ. ಚಹಾ, ಮಿರ್ಚಿ ಭಜಿ, ತಿರುಗುವ ಕುರ್ಚಿ, ಎಲ್ಲ ಮರ್ಯಾದೆಯೂ ಆಯಿತು. ಟೈಪು ಮಾಡಲು ಶುರುಮಾಡಿದೆ. ಮೇಷ್ಟ್ರು ಪೆನ್ನು, ಪುಸ್ತಕ ಹಿಡಿದು ಹಿಂದೆ ಬಂದು ನಿಂತರು. ನಾನು ಮಾನಿಟರನ್ನು ತುಸು ನನ್ನ ಕಡೆ ತಿರುಗಿಸಿಕೊಂಡೆ.