ಕಮಲಾಪುರದಲ್ಲಿ ಹುಟ್ಟದ ಪಾಯಸ

ಜಗತ್ತಿನ ಸಿಹಿ ತಿನಿಸುಗಳೆಲ್ಲ ಕಮಲಾಪುರದಲ್ಲಿ ಹುಟ್ಟಿ, ಅಲ್ಲಿಂದ ಬಸ್ಸು ಹತ್ತಿ ದೇಶ ವಿದೇಶಗಳಿಗೆ ಹೋಗಿ ನೆಲೆಸಿದವು ಎಂಬ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಅದು ನಿಮ್ಮ ತಪ್ಪಲ್ಲ. ನೀವಿನ್ನೂ ನಮ್ಮ ಅತ್ತೆಯನ್ನು ಭೇಟಿಯಾಗಿಲ್ಲ, ಅಷ್ಟೇ! ಅತ್ತೆ ಎಂದರೆ ನಮ್ಮಪ್ಪನ ತಂಗಿ. ಹುಟ್ಟಿದ್ದು ಕಮಲಾಪುರದಲ್ಲಿ, ಸಂಸಾರ ಹೂಡಿದ್ದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಮದುವೆಯಾಗಿ ಬರುವಾಗ ಎಲ್ಲವನ್ನೂ ತಂದರು, ನಾಲಿಗೆಯೊಂದನ್ನು ಮಾತ್ರ ತವರಿನಲ್ಲೇ ಬಿಟ್ಟು ಬಂದರು.

ಅತ್ತೆಯ ಬ್ರಹ್ಮಾಂಡದ ಮೂಲವಸ್ತು ಮಾಲ್ದಿ. ಬಿಸಿ ಚಪಾತಿಯನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಬೆಲ್ಲ ಬೆರೆಸಿ, ತುಪ್ಪ ಸುರಿದು, ಅದರ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಿವುಚಿದರೆ ಮಾಲ್ದಿ ಸಿದ್ಧ. ನಾವು ಚಿಕ್ಕವರಿದ್ದಾಗ ಬಿದ್ದರೂ ಮಾಲ್ದಿ, ಗಣಿತದಲ್ಲಿ ಫೇಲಾದರೂ ಮಾಲ್ದಿ. ನಾನಂತೂ ಗಣಿತದ ಕೃಪೆಯಿಂದ ಬಹಳ ಮಾಲ್ದಿ ತಿಂದು ಬೆಳೆದವಳು. ಇಷ್ಟಿದ್ದರೆ ಸಮಸ್ಯೆಯೇನೂ ಇರಲಿಲ್ಲ. ಆದರೆ ಬೇರೆಯವರ ಮನೆಯ ಸಿಹಿಯನ್ನು ಬಾಯಿಗಿಟ್ಟ ಕೂಡಲೇ ಅತ್ತೆ ಅದರ ವಂಶಾವಳಿ ಬಿಡಿಸತೊಡಗುತ್ತಾರೆ!

ಒಮ್ಮೆ ಸೇಡಂ ರಸ್ತೆಯ ನಮ್ಮ ಮನೆಗೆ ಬಂದಾಗ ನಾನು ಯೂಟ್ಯೂಬ್ ನೋಡಿ ಕ್ಯಾರಮೆಲ್ ಪುಡ್ಡಿಂಗ್ ಮಾಡಿದ್ದೆ. ಬೆಳಗಿನಿಂದ ಬೆವರು ಸುರಿಸಿ ಮಾಡಿದ್ದು. ತಟ್ಟೆಯಲ್ಲಿ ಅದು ನಾಚುತ್ತ ನಡುಗುತ್ತಿತ್ತು. ಅತ್ತೆ ಒಂದು ಚಮಚ ತಿಂದು, ಕಣ್ಣು ಮುಚ್ಚಿ, ತೆರೆದರು.

“ಇದು ಗಿಣ್ಣ ಅದ ತಂಗಿ!”

“ಅಲ್ಲ ಅತ್ತಿ, ಇದು ಫಾರಿನ್‌ದು. ತತ್ತಿ ಹಾಕಿ ಮಾಡ್ತಾರ.”

“ಅದ ನಾನೂ ಹೇಳಾಕತ್ತೀನಿ. ಪಾಪ, ಅವರ ಮನ್ಯಾಗ ಎಮ್ಮಿ ಈದಿರಲಿಲ್ಲ ಕಾಣಸ್ತದ. ಗಿಣ್ಣದ ಹಾಲು ಎಲ್ಲಿಂದ ತರಬೇಕು? ತತ್ತಿ ಒಡದು ಹಾಕ್ಯಾರ!”

ಇಡೀ ಯುರೋಪಿನ ಎಮ್ಮೆಗಳ ಬಗ್ಗೆ ಇಷ್ಟು ಕನಿಕರ ಪಟ್ಟವರು ಇನ್ನೊಬ್ಬರು ಇರಲಾರರು. ಮುಂದೊಂದು ದಿನ ಬೇಕರಿಯಲ್ಲಿ ತಿರಾಮಿಸು ಎಂಬ ಇಟಲಿಯ ಕಾಫಿ ಕೇಕ್ ಕೊಡಿಸಿದೆ. ಅದಕ್ಕೆ ಬಂದ ತೀರ್ಪು ಇನ್ನೂ ಚಿಕ್ಕದು: “ಮಾಲ್ದಿ ಕಾಫಿದಾಗ ಬಿದ್ದದ.”

ಅತ್ತೆಯ ಪಕ್ಕದ ಮನೆಯ ಆಪಾ ಮಾತ್ರ ಅವರಿಗೆ ಸರಿಯಾದ ಜೋಡಿ. ರಂಜಾನ್‌ಗೆ ಆ ಮನೆಯಿಂದ ಶೀರ್ ಖುರ್ಮಾ ಬರುತ್ತದೆ, ಬುದ್ಧ ಪೂರ್ಣಿಮೆಗೆ ಈ ಮನೆಯಿಂದ ಅಕ್ಕಿ ಪಾಯಸ ಹೋಗುತ್ತದೆ. ಡಬ್ಬಿಗಳು ಹೋಗಿ ಬಂದು ಈಗ ಯಾವುದು ಯಾರದೆಂದು ಆ ಡಬ್ಬಿಗಳಿಗೂ ಗೊತ್ತಿಲ್ಲ. ಪ್ರತಿ ರಂಜಾನ್‌ಗೂ ಅತ್ತೆ ಕಾಂಪೌಂಡ್ ಗೋಡೆಯ ಮೇಲಿಂದ ಸಾರುತ್ತಾರೆ: “ಇದು ನಮ್ಮ ಶ್ಯಾವಿಗಿ ಪಾಯಸ ರೀ. ಖಜೂರ ಹಾಕಿ ಹೆಸರು ಬದಲಿ ಮಾಡೀರಿ!”

ಆಪಾ ಕೂಡ ಕಮ್ಮಿಯಿಲ್ಲ. “ಹೌದ್ರೀ ಬಾಯಿ, ಖರೇ ಮಾತು. ಮೊದಲ ನೀವು ಮಾಡಿದ್ರಿ. ಆದ್ರ ಮೊದಲ ಛಲೋ ಮಾಡಿದವರು ನಾವು!”

ಅತ್ತೆಗೆ ಇನ್ನೊಂದು ವ್ರತವಿದೆ. ಯಾವ ಅಡುಗೆಯನ್ನೂ ಹೇಗೆ ಮಾಡಬೇಕೆಂದು ಯಾರನ್ನೂ ಕೇಳುವುದಿಲ್ಲ. ಪ್ರಾಣ ಹೋದರೂ ಕೇಳುವುದಿಲ್ಲ. “ಕೇಳಿ ಮಾಡಿದ್ರ ಅದು ಅಡಗಿ ಅಲ್ಲ, ಪರೀಕ್ಷಾ” ಎನ್ನುತ್ತಾರೆ. ಆಪಾ ಮನೆಯ ಮದುವೆಯಲ್ಲಿ ಡಬಲ್ ಕಾ ಮೀಠಾ ತಿಂದು ಬಂದವರು ಮರುದಿನ ಅದನ್ನು ಮಾಡಲು ಕೂತರು. ಬ್ರೆಡ್ ಕರಿದು ಸಕ್ಕರೆ ಪಾಕದಲ್ಲಿ, ಹಾಲಿನಲ್ಲಿ ನೆನೆಸುವ ತಿನಿಸು ಅದು. ಆದರೆ ಮನೆಯಲ್ಲಿ ಬ್ರೆಡ್ ಇರಲಿಲ್ಲ, ಜೋಳದ ರೊಟ್ಟಿ ಇತ್ತು. “ರೊಟ್ಟಿ ಏನು ಪಾಪ ಮಾಡ್ಯಾದ?” ಎಂದು ಅದನ್ನೇ ಕರಿದು ಪಾಕಕ್ಕೆ ಬಿಟ್ಟರು. ಮಾವ ಬಹಳ ಸಾಧು ಮನುಷ್ಯ. ಒಂದು ತುಂಡನ್ನು ಈ ದವಡೆಯಿಂದ ಆ ದವಡೆಗೆ, ಆ ದವಡೆಯಿಂದ ಈ ದವಡೆಗೆ ದಾಟಿಸಿ, ಕೊನೆಗೆ ತೆಗೆದು ಬೆಳಕಿಗೆ ಹಿಡಿದು ಕೇಳಿದರು: “ಇದನ್ನ ತಿನ್ನಬೇಕೋ, ಮನಿ ಮ್ಯಾಲೆ ಹಾಸಬೇಕೋ?”

ಇಂಥ ಅತ್ತೆಯ ಮನೆಗೆ ಬಂಗಾಳದ ಸೊಸೆ ಬಂದಳು. ಅತ್ತೆಯ ಮಗ ಕಪನೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕೈಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆಗೆ ಹೋದವನು ಅಲ್ಲಿಯ ನರ್ಸ್‌ಗೆ ಮನಸ್ಸು ಕೊಟ್ಟು ಬಂದ. ಕೈ ವಾಸಿಯಾದ ಮೇಲೂ ಡ್ರೆಸ್ಸಿಂಗ್‌ಗೆ ಹೋಗುತ್ತಿದ್ದನಂತೆ, ಭೂಪ! ಹುಡುಗಿ ಕೋಲ್ಕತ್ತಾದ ಆಚೆಯ ಸಣ್ಣ ಊರಿನವಳು. ಮದುವೆ ಇಲ್ಲಿ ನಗುನಗುತ್ತ ಆಯಿತು. ಅಲ್ಲಿ ಆಗಲಿಲ್ಲ. ಆಕೆಯ ಅಮ್ಮ ಮದುವೆಗೆ ಬರಲಿಲ್ಲ, ಆಮೇಲೆ ಮಗಳ ಫೋನನ್ನೂ ಎತ್ತಲಿಲ್ಲ. ಹುಡುಗಿ ದಿನವೂ ಡ್ಯೂಟಿ ಮುಗಿಸಿ ಬಂದು ಒಮ್ಮೆ ಫೋನ್ ಹಚ್ಚುವಳು. ಅದು ರಿಂಗಾಗಿ ರಿಂಗಾಗಿ ತಾನೇ ಸುಮ್ಮನಾಗುವುದು. ಆಮೇಲೆ ಅವಳು ಏನೂ ಆಗದವಳ ಹಾಗೆ ಬಂದು ಅತ್ತೆಯ ಜೊತೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂರುವಳು. ಅತ್ತೆ ನೋಡಿಯೂ ನೋಡದವರಂತೆ ಇರುತ್ತಿದ್ದರು.

ಮದುವೆಯಾದ ಮೇಲೆ ಅವಳ ಮೊದಲ ಹುಟ್ಟುಹಬ್ಬ ಬಂತು. ತಮ್ಮ ಕಡೆ ಹುಟ್ಟುಹಬ್ಬವೆಂದರೆ ಕೇಕ್ ಅಲ್ಲ, ಅಮ್ಮ ಮಾಡುವ ಅಕ್ಕಿಯ ಪಾಯೇಶ್, ಅದನ್ನು ತಿನ್ನದಿದ್ದರೆ ವಯಸ್ಸೇ ಕೂಡುವುದಿಲ್ಲ ಎಂದು ಅವಳು ಎಂದೋ ಹೇಳಿದ್ದಳು. ಆ ದಿನ ಅವಳ ಡ್ಯೂಟಿ ಮುಗಿಯಲು ಇನ್ನೂ ಎರಡು ತಾಸು ಇರುವಾಗ ಅತ್ತೆ ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಒಲೆಯ ಮೇಲೆ ಹಾಲು ಸಣ್ಣಗೆ ಕುದಿಯುತ್ತಿತ್ತು. ಬೆಲ್ಲದ ಉಂಡೆ ಇನ್ನೂ ತಟ್ಟೆಯಲ್ಲೇ ಇತ್ತು. ಅತ್ತೆ ಮಗನಿಂದ ನಂಬರ್ ಇಸಿದುಕೊಂಡು ತಮ್ಮ ಫೋನಿನಿಂದ ಬೀಗಿತಿಗೆ ಫೋನ್ ಹಚ್ಚಿದ್ದರು! ಗೊತ್ತಿಲ್ಲದ ನಂಬರ್ ಆದ್ದರಿಂದ ಆ ಕಡೆ ಎತ್ತಿಯೂ ಬಿಟ್ಟರು.

ಅತ್ತೆ ನಮಸ್ಕಾರ ಹೇಳಲಿಲ್ಲ, ಹೆಸರು ಹೇಳಲಿಲ್ಲ. ನಮ್ಮ ಬಜಾರಿನ ಹಿಂದಿಗೆ ಕಮಲಾಪುರದ ಕನ್ನಡ ಬೆರೆಸಿ ಒಮ್ಮೆಲೇ ಗೋಳಾಡಿದರು.

“ಬೆಹನ್‌ಜೀ! ಆಪ್‌ಕಿ ಬೇಟಿ ಕಾ ಪಾಯಸ ಕೆಟ್ಟು ಹೋತು ರೀ! ದೂದ್ ಫಟ್ ಗಯಾ! ಈಗ ಕ್ಯಾ ಕರ್‌ನಾ?”

ಹಾಲು ಎಲ್ಲಿ ಒಡೆದಿದೆ ಅತ್ತಿ ಎನ್ನಲು ನಾನು ಬಾಯಿ ತೆರೆದೆ. ಅತ್ತೆ ನನ್ನ ತೋಳು ಚಿವುಟಿದರು. ಆ ಗುರುತು ವಾರವಿತ್ತು.

ಆ ಕಡೆಯವರು ಫೋನ್ ಇಟ್ಟೇ ಬಿಟ್ಟರು ಎಂದುಕೊಂಡೆವು. ಆಮೇಲೆ ಬಂಗಾಳಿ ವಾಸನೆಯ ಹಿಂದಿಯಲ್ಲಿ ಒಂದು ಗಡಸು ದನಿ ಬಂತು. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ.

“ಬೆಲ್ಲ ಯಾವಾಗ ಹಾಕಿದಿರಿ?”

“ಕುದಿಯೂ ಮುಂದ ಹಾಕಿದೆ ಜೀ.”

“ಕುದಿಯುವಾಗಲಾ? ಹೇ ಭಗವಾನ್! ಬೇರೆ ಹಾಲು ಇದೆಯಾ? ಇದ್ದರೆ ವಿಡಿಯೋ ಹಾಕಿ, ನಾನು ನೋಡಬೇಕು!”

ವಿಡಿಯೋ ಹಾಕಿದೆವು. ಮುಖ ಕಾಣಲಿಲ್ಲ, ಕನ್ನಡಕದ ಒಂದು ಗಾಜು ಮತ್ತು ಬಿಗಿದ ಹುಬ್ಬು ಕಂಡವು. ಅಲ್ಲಿಂದ ಅಪ್ಪಣೆಗಳು ಸುರಿಯತೊಡಗಿದವು. ಅಕ್ಕಿಗೆ ತುಪ್ಪ ಸವರಿ. ಉರಿ ಸಣ್ಣ ಮಾಡಿ. ಕೈ ಬಿಡದೆ ತಿರುವಿ. ಪಲಾವ್ ಎಲೆ ಹಾಕಿ. ಪಾಯಸಕ್ಕೆ ಪಲಾವ್ ಎಲೆ! ಬೇರೆ ದಿನವಾಗಿದ್ದರೆ ಅತ್ತೆ ಈ ಒಂದು ಎಲೆಗಾಗಿ ಕಲಬುರಗಿ ಬಂದ್ ಮಾಡಿಸುತ್ತಿದ್ದರು. ಈಗ “ಹಾಂ ಜೀ, ಹಾಂ ಜೀ” ಎನ್ನುತ್ತ ಶಾಲೆಯ ಹುಡುಗಿಯ ಹಾಗೆ ಹಾಕಿದರು. ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳದ ಬಾಯಿ ಹೆಜ್ಜೆಹೆಜ್ಜೆಗೂ “ಅಬ್ ಕ್ಯಾ ಜೀ?” ಎಂದು ಕೇಳುತ್ತಿತ್ತು. ನನಗೆ ನಗು ಬರುತ್ತಿತ್ತು.

ಒಲೆ ಆರಿಸಿ, ಹಾಲು ಸ್ವಲ್ಪ ತಣಿದ ಮೇಲೆ ಬೆಲ್ಲದ ಸರದಿ ಬಂತು.

“ಖರ್ಜೂರದ ಬೆಲ್ಲ ಇದೆಯಾ?”

“ಇಲ್ಲ ಜೀ. ಕಬ್ಬಿಂದು ಅದ.”

ಕನ್ನಡಕದ ಗಾಜು ಪರದೆಯಿಂದ ಸರಿದು, ಮತ್ತೆ ಬಂತು. “ಈ ಸಲ ಅದನ್ನೇ ಹಾಕಿ. ಮುಂದಿನ ಸಲ ನಾನು ಕಳಿಸುತ್ತೇನೆ.”

ಅದೇ ಹೊತ್ತಿಗೆ ಸೊಸೆ ಡ್ಯೂಟಿ ಮುಗಿಸಿ ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಆ ದನಿ ಕೇಳಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಆಕೆಯ ಅಮ್ಮನಿಗೆ ಮಗಳು ಕಾಣುತ್ತಿರಲಿಲ್ಲ. ಅವರು ಪಾತ್ರೆಯನ್ನೇ ನೋಡುತ್ತ ಅತ್ತೆಗೆ ಹೇಳುತ್ತಿದ್ದರು:

“ಅವಳಿಗೆ ಬಿಸಿಬಿಸಿ ಕೊಡಬೇಡಿ. ಆಸೆಬುರುಕಿ ಅವಳು, ಪ್ರತಿ ಸಲ ನಾಲಿಗೆ ಸುಟ್ಟುಕೊಂಡು ಅಳುತ್ತಾಳೆ. ಆರಿಸಿ ಕೊಡಿ.”

“ಮಾ” ಎಂದಳು ಹುಡುಗಿ.

ಅತ್ತೆ ಫೋನನ್ನು ಅವಳ ಕೈಗಿಟ್ಟು, ಬಟ್ಟಲಿಗೆ ಪಾಯಸ ಬಡಿಸಿ ಆರಲೆಂದು ಪಕ್ಕದಲ್ಲಿಟ್ಟು, ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದರು. ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗಿನಿಂದ ಅಳುವೂ ನಗುವೂ ಒಂದಾಗಿ ಕೇಳುತ್ತಿತ್ತು. ನಾನು ಅತ್ತೆಯನ್ನು ಕೆಣಕದೆ ಬಿಡುವವಳೇ?

“ರುಚಿ ನೋಡ್ಲೇ ಇಲ್ಲಲ್ಲ ಅತ್ತಿ? ಇದೂ ನಿಮ್ಮ ಕಮಲಾಪುರದ್ದ ಇರಬೇಕು!”

ಅತ್ತೆ ತಲೆಯಾಡಿಸಿದರು.

“ಇಲ್ಲ ತಂಗಿ. ಇದು ಅಕಿ ಅವ್ವ ಮಾಡಿದ್ದು.”