ಖಾಲಿ ಬಿಡುವ ಹಾಗಿಲ್ಲ

ನಮ್ಮನೆಯವರ ಜೊತೆ ನೆಟ್ಟಗೆ ಒಂದು ಜಗಳ ಆಡಿದ ಮನುಷ್ಯ ಈ ಹರಿಹರ ಊರಿನಲ್ಲೇ ಇಲ್ಲ. ಹಾಗಂತ ಅವರು ಮಹಾ ಸಾಧು ಎಂದು ತಿಳಿಯಬೇಡಿ! ಜಗಳಕ್ಕೆ ಬೇಕಾದಷ್ಟು ಮಾಹಿತಿಯನ್ನು ನಾವು ಕೊಡುವುದಿಲ್ಲವಂತೆ, ಅಷ್ಟೇ. "ನಿಮಗೆ ನನ್ನ ಮೇಲೆ ಸ್ವಲ್ಪನಾದ್ರೂ ಅದು ಐತಾ?" ಎಂದು ನಾನು ಮೂಗು ಒರೆಸಿಕೊಳ್ಳುತ್ತಾ ಕೇಳಿದರೆ, "ಅದು ಅಂದ್ರೆ ಯಾವುದು? ಸ್ವಲ್ಪ ಅಂದ್ರೆ ಎಷ್ಟು?" ಎಂದು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಅದೂ ಕುಹಕದಿಂದಲ್ಲ, ಪೂರ್ತಿ ಶ್ರದ್ಧೆಯಿಂದ! ಅಳುತ್ತಿದ್ದವಳು ಅಳು ಬಿಟ್ಟು ಉತ್ತರ ಹುಡುಕುತ್ತಾ ಕೂರಬೇಕು.

ಇದು ಸಾಫ್ಟ್‌ವೇರಿನವರ ಕಾಯಿಲೆ. ಕಂಪ್ಯೂಟರಿಗೆ ಅರ್ಧಂಬರ್ಧ ಹೇಳಿದರೆ ಅದು ಮುಂದಕ್ಕೆ ಹೋಗುವುದಿಲ್ಲ. ಅದರ ಸಹವಾಸದಲ್ಲಿ ಇವರೂ ಹೋಗುವುದಿಲ್ಲ. "ಸಂತೆಯಿಂದ ಸೊಪ್ಪು ತಗೊಂಬನ್ನಿ" ಎಂದು ಕಳಿಸಿದರೆ ಒಂದು ಗಂಟೆ ಬಿಟ್ಟು ಖಾಲಿ ಚೀಲ ಹಿಡಿದು ಬಂದರು. "ಅಲ್ಲಿ ಏಳು ನಮೂನಿ ಸೊಪ್ಪು ಇದ್ವು. ನೀನು ಯಾವುದು ಅಂತ ಹೇಳಿರಲಿಲ್ಲ." ಇಂಥವರಿಗೆ ಏನು ಹೇಳುತ್ತೀರಿ?

ಹರಿಹರದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ತಣ್ಣಗೆ ಕೂತು ಸಂಬಳ ತರುತ್ತಿದ್ದ ಮನುಷ್ಯ ಇವರು. ಒಂದು ದಿನ ಆ ಕೆಲಸ ಬಿಟ್ಟು, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಕೋಣೆ ಹಿಡಿದು, ಸ್ವಂತವಾಗಿ ಪ್ರೋಗ್ರಾಂ ಬರೆದು ಮಾರುತ್ತೇನೆ ಎಂದರು. ಕೋಣೆಗೆ ಬೋರ್ಡು ಹಾಕಿದ ವಾರ ಬಂದವರು ಇಬ್ಬರೇ. ಒಬ್ಬರು ಟಿ.ವಿ. ರಿಪೇರಿಗೆ, ಇನ್ನೊಬ್ಬರು ಮಗಳ ಕಂಪ್ಯೂಟರ್ ಜಾತಕಕ್ಕೆ! ನಾನು ಶಾಲೆಯ ಟೀಚರು, ಬೆರಳು ತೋರಿಸಿ ಮಾತಾಡಿಯೇ ಅಭ್ಯಾಸ. "ನೋಡ್ರಿ, ಒಂದೇ ಒಂದು ವರ್ಷ. ಅಷ್ಟರಾಗೆ ಗಟ್ಟಿ ಗಿರಾಕಿ ಒಬ್ರು ಸಿಗದಿದ್ರೆ ಮತ್ತೆ ಕಾರ್ಖಾನೆ ಗೇಟು" ಎಂದೆ.

"ವರ್ಷ ಅಂದ್ರೆ ಜನವರಿಯಿಂದಾನಾ, ಯುಗಾದಿಯಿಂದಾನಾ?"

"ಯುಗಾದಿಯಿಂದ!" ಎಂದು ಕಿರುಚಿದೆ. ಬರೆದುಕೊಂಡರು.

ಗಿರಾಕಿ ಬರಲಿಲ್ಲ, ಸಾಮಾನು ಬಂತು. ಫ್ರಿಜ್ ತರುತ್ತೇನೆಂದು ಹೋದವರು ಆಟೋದಲ್ಲಿ ಯು.ಪಿ.ಎಸ್. ಎಂಬ ಡಬ್ಬಿ ಇಳಿಸಿಕೊಂಡು ಬಂದರು. ಕರೆಂಟು ಹೋದಾಗ ಅದು ಮನೆಯಲ್ಲಿಟ್ಟಿದ್ದ ಕಂಪ್ಯೂಟರನ್ನು ಹತ್ತು ನಿಮಿಷ ಬದುಕಿಸುತ್ತದಂತೆ. ನಮ್ಮೂರಿನ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ. ಸಂಜೆಯಾದರೆ ಇಡೀ ಓಣಿ ಕತ್ತಲು, ನಮ್ಮ ನಡುಮನೆಯಲ್ಲಿ ಕಂಪ್ಯೂಟರ್ ಒಂದೇ ಬೆಳಗುತ್ತಿತ್ತು. ಅತ್ತೆ ಬಿಡುತ್ತಾರೆಯೇ? ಮೊರ ತಂದು ಅದರ ಮುಂದೆ ಅಕ್ಕಿ ಆರಿಸಲು ಕೂತರು. "ಯಪ್ಪಾ, ಆ ಕರೀ ಪರದೆ ತಗದು ಬಿಳೇದು ಹಾಕೋ, ಕಲ್ಲು ಕಾಣವಲ್ವು" ಎಂದರು. ಇವರು ಅಲ್ಲೇ ಕೂತು, ಒಂದು ಗುಂಡಿ ಒತ್ತಿದರೆ ಪರದೆಯೆಲ್ಲ ಬೆಳ್ಳಗಾಗುವ ಪ್ರೋಗ್ರಾಂ ಬರೆದುಕೊಟ್ಟರು. ಆ ವರ್ಷ ಇವರ ಕೆಲಸವನ್ನು ಮೆಚ್ಚಿದ ಮೊದಲ ಗಿರಾಕಿ ನಮ್ಮ ಅತ್ತೆ!

ಆಮೇಲೆ ಬಂದದ್ದು ಡಿಜಿಟಲ್ ಡೈರಿ. ಅಂಗೈಯಗಲದ ಯಂತ್ರ. ನೆಂಟರಿಷ್ಟರ ಫೋನ್ ನಂಬರುಗಳನ್ನೆಲ್ಲ ಅದರೊಳಗೆ ತುಂಬಿ, ಹಳೇ ನೋಟುಬುಕ್ಕನ್ನು ರದ್ದಿಗೆ ಹಾಕಿದರು. ಮೂರನೇ ತಿಂಗಳು ಸೆಲ್ ಬದಲಿಸಲು ಹೋಗಿ ಎಲ್ಲವೂ ಅಳಿಸಿಹೋಯಿತು. ಫೋನ್ ಮಾಡಿ ನಂಬರು ಕೇಳೋಣವೆಂದರೆ ನಂಬರೇ ಇಲ್ಲವಲ್ಲ! ನಾಲ್ಕು ಭಾನುವಾರ ಸ್ಕೂಟರಿನಲ್ಲಿ ಮನೆಮನೆ ಸುತ್ತಿ ಬರೆದುಕೊಂಡು ಬಂದೆವು. ನೆಂಟರಿಗೆ ಖುಷಿಯೋ ಖುಷಿ. "ಎಷ್ಟ್ ವರ್ಷ ಆಗಿತ್ತಪ್ಪಾ ನೀನು ಬಂದು!" ಎಂದು ಹೋಳಿಗೆ ತಿನ್ನಿಸಿದರು. ಫೋನ್ ನಂಬರಿಗೆ ಬಂದಿದ್ದೇವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಡುವೆ ಜವಳಿ ಅಂಗಡಿಯ ಸಾಹುಕಾರರೊಬ್ಬರು ಸಿಕ್ಕಿದ್ದರು. ಅವರದೊಂದು ವಾಸ್ತು. ಕಂಪ್ಯೂಟರಿನ ಮುಖ ಪೂರ್ವಕ್ಕಿರಬೇಕು, ಅದರ ಮುಂದೆ ಕೂತವನ ಮುಖವೂ ಪೂರ್ವಕ್ಕೇ ಇರಬೇಕು! ಬೇರೆ ಯಾರಾದರೂ ಆಗಿದ್ದರೆ ನಕ್ಕು ಎದ್ದು ಬರುತ್ತಿದ್ದರು. ನಮ್ಮನೆಯವರು ಎದುರಿಗೊಂದು ಕನ್ನಡಿ ನಿಲ್ಲಿಸಿ, ಕನ್ನಡಿಯಲ್ಲಿ ನೆಟ್ಟಗೆ ಕಾಣುವಂತೆ ಅಕ್ಷರಗಳನ್ನು ತಿರುವಿ ತೋರಿಸುವ ಪ್ರೋಗ್ರಾಂ ಬರೆಯತೊಡಗಿದರು. ಅದು ಮುಗಿಯುವ ಹೊತ್ತಿಗೆ ಸಾಹುಕಾರರು ಕಂಪ್ಯೂಟರನ್ನೇ ಮಾರಿದ್ದರು.

ಯುಗಾದಿಗೆ ಇನ್ನು ಒಂದೇ ತಿಂಗಳು ಎನ್ನುವಾಗ ಕೋಣೆಯ ಹತ್ತಿರದ, ಹೆಂಗಸರ ಕಾಯಿಲೆಗಳನ್ನೂ ನೋಡುವ ಒಂದು ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಕರೆಸಿದರು. ಬಂದ ರೋಗಿಗಳ ವಿವರ ಬರೆದು ಚೀಟಿ ಕೊಡುವ ಪ್ರೋಗ್ರಾಂ ಬೇಕಿತ್ತು. ಹದಿನೈದು ದಿನ ನೋಡುವುದು, ಸರಿಹೋದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಹಳೇ ರಿಜಿಸ್ಟರೇ ಗತಿ. ಇದೊಂದು ಕೈಹಿಡಿದರೆ ಕೋಣೆ ಉಳಿಯುತ್ತಿತ್ತು. ಇವರು ಹಗಲೂ ರಾತ್ರಿ ಕೂತು ಬರೆದರು. ಹೆಸರು, ವಯಸ್ಸು, ಊರು, ಗಂಡನ ಹೆಸರು, ಎಲ್ಲಕ್ಕೂ ಒಂದೊಂದು ಖಾನೆ. ಒಂದು ಖಾನೆ ಖಾಲಿ ಬಿಟ್ಟರೂ ಮುಂದಕ್ಕೆ ಹೋಗುವ ಹಾಗಿಲ್ಲ. ಬರೆದವರು ಯಾರು ಹೇಳಿ!

ಮೊದಲ ದಿನ ಶನಿವಾರ. ಶಾಲೆ ಬೇಗ ಬಿಟ್ಟಿದ್ದರಿಂದ ಬುತ್ತಿ ಕೊಡಲು ಹೋದ ನಾನು ಕಣ್ಣಾರೆ ಕಂಡೆ. ಬಾಗಿಲಾಚೆಗೂ ಸಾಲು! ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಅಳುವುದೊಂದು ಬಾಕಿ.

"ಗಂಡನ ಹೆಸರು ಹೇಳ್ರಿ."

"ಅಯ್ಯ, ಅದನ್ನ ಹೆಂಗೆ ಬಾಯಿಬಿಟ್ಟು ಹೇಳ್ಲೇ ತಾಯಿ! ನೀನೇ ತಿಳ್ಕ" ಎಂದಳು ಕೊಂಡಜ್ಜಿ ಊರಿನ ಹೆಂಗಸು.

"ನಂಗ್ಹೆಂಗೆ ಗೊತ್ತಾಗ್ಬೇಕ್ರಿ?"

"ಉಕ್ಕಡಗಾತ್ರಿ ಅಜ್ಜಯ್ಯನ ಹೆಸರೇ ಅವರ್ದೂ."

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ "ಕರಿಬಸಪ್ಪ!" ಎಂದು ಕೂಗಿದರು. ಹಿಂದಿನವಳು "ನಮ್ಮೋರ್ದು ಸೊಂಡ್ಲು ಇರೋ ದೇವ್ರ ಹೆಸರು" ಎಂದಳು. ಗಣೇಶಪ್ಪನೋ, ವಿನಾಯಕನೋ, ಬೆನಕಪ್ಪನೋ ಎಂದು ಅದಕ್ಕೊಂದು ಪಂಚಾಯ್ತಿ. ಮೂರನೆಯವಳು ಸೆರಗು ಸರಿಮಾಡಿಕೊಂಡು, ಗಂಡನ ಹೆಸರು ಹೆಣೆದು ಒಡಪನ್ನೇ ಹಾಕಿದಳು: "ಹರಿಹರದ ಹೊಳ್ಯಾಗೆ ಹಾಲಿನಂಥ ನೀರು, ನಮ್ಮ ಬಸವರಾಜಪ್ಪ ಬಂದ್ರೆ ಮನ್ಯಾಗೆ ಬಲು ಜೋರು!" ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಒಡಪಿಲ್ಲದೆ ಹೆಸರು ಹೇಳಲು ಯಾರೂ ಒಪ್ಪಲಿಲ್ಲ. ಆಸ್ಪತ್ರೆಯೋ ಸೀಮಂತದ ಮನೆಯೋ! ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನೊಳಗೆ ಹೋದವರು ಒಂಬತ್ತು ಜನ, ಹೊರಗೆ ನಿಂತವರು ಮೂವತ್ತು. ಡಾಕ್ಟರಮ್ಮ ಬಂದು ಒಂದು ನೋಟ ನೋಡಿ ಹೋದರು.

"ಆ ಖಾನೆ ಕಿತ್ತು ಬಿಸಾಕ್ರಿ" ಎಂದೆ ಮನೆಗೆ ಬರುವಾಗ.

"ಕಿತ್ತು ಹಾಕಿದ್ರೆ, ಒಳಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕರೀಬೇಕು? ಖಾಲಿ ಬಿಡೋ ಹಂಗಿಲ್ಲ."

ಸೋಮವಾರ ನೋಡಿದರೆ ಗಂಡನ ಹೆಸರಿನ ಜಾಗದಲ್ಲಿ 'ಜೊತೆಗೆ ಬಂದವರು' ಎಂಬ ಖಾನೆ. ಎಷ್ಟು ಸುಲಭ! ಹೆಂಗಸರು ಸರಾಗವಾಗಿ ಹೇಳತೊಡಗಿದರು: "ನಮ್ ಮೈದುನ ಈರಣ್ಣ." "ನಮ್ಮವ್ವ." "ಅವರೇ ಬಂದಾರೆ, ಹೊರಗೆ ಬೀಡಿ ಸೇದಾಕತ್ಯಾರೆ, ಹೋಗಿ ಕೇಳ್ರಿ." ಸಾಲು ಸರಸರ ಕರಗಿತು.

ಹದಿನೈದನೇ ದಿನ ನಾನೂ ರಜೆ ಹಾಕಿ ಹೋದೆ. ಮೂರು ದಿನಕ್ಕೆ ಯುಗಾದಿ. ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ಪ್ರಿಂಟು ತೆಗೆಸಿದ ಉದ್ದನೆಯ ಕಾಗದ ಹರಡಿಕೊಂಡು, ಕೆಂಪು ಪೆನ್ನಿನಲ್ಲಿ ಅಲ್ಲಲ್ಲಿ ಗುಂಡಗೆ ಗೀಚಿ ಇಟ್ಟುಕೊಂಡಿದ್ದರು.

"ಇದೇನ್ರಿ ಇದು? 'ಜೊತೆಗೆ ಬಂದವರು' ಅಂತಿರೋ ಕಡೆ ಹನ್ನೊಂದು ಸಲ ನಿಮ್ಮ ಹೆಸರೇ ಐತಲ್ಲ! ಪ್ರೋಗ್ರಾಂ ತಪ್ಪೈತಿ."

ನಾನು ಬಗ್ಗಿ ನೋಡಿದೆ. ಹೌದು, ಹನ್ನೊಂದು ಹೆಂಗಸರ ಜೊತೆಗೆ ನನ್ನ ಗಂಡ! ಯಾವ ಹೆಂಡತಿ ಸುಮ್ಮನಿರುತ್ತಾಳೆ? ಪಕ್ಕದಲ್ಲಿದ್ದ ವಯಸ್ಸಿನ ಖಾನೆ ಓದಿದೆ. ಅರವತ್ತೆಂಟು, ಎಪ್ಪತ್ತೊಂದು, ಎಂಬತ್ತು. ಒಂದು ಸಮಾಧಾನವಾಯಿತು, ಆದರೆ ಪ್ರೋಗ್ರಾಂ ಹೋಯಿತಲ್ಲ!

ಇವರು ಕನ್ನಡಕ ತೆಗೆದು ಒರೆಸಿಕೊಂಡರು. "ತಪ್ಪಲ್ಲ ಮೇಡಂ. ಆ ಅಜ್ಜೇರ ಜೊತೆ ಯಾರೂ ಬಂದಿರಲಿಲ್ಲ. ಒಬ್ರೇ ಬಸ್ ಹತ್ಕಂಡು ಬಂದಿದ್ರು."

"ಹಂಗಿದ್ರೆ ಆ ಖಾನೆ ಖಾಲಿ ಬಿಡೋ ಹಂಗೆ ಮಾಡಬಹುದಿತ್ತಲ್ರಿ? ನಿಮಗೆ ಅಷ್ಟೂ ಬರಂಗಿಲ್ವಾ?"

"ಬರ್ತೈತಿ ಮೇಡಂ. ಎರಡು ನಿಮಿಷದ ಕೆಲಸ." ಕನ್ನಡಕ ಮತ್ತೆ ಹಾಕಿಕೊಂಡರು. "'ಯಾರೂ ಇಲ್ಲಪ್ಪ' ಅಂತ ಅವರು ಮುಖ ಸಣ್ಣ ಮಾಡ್ಕಂಡು ನಿಂತಿರ್ತಾರೆ. ಖಾಲಿ ಬಿಡಾಕೆ ಮನಸ್ಸು ಬರಲಿಲ್ಲ. ನಾನು ಹೆಂಗೂ ಅಲ್ಲೇ ಕೂತಿರ್ತಿದ್ನಲ್ಲ..."

ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಗಿನಿಂದ ನರ್ಸು ಕೂಗಿದ್ದು ಕೇಳಿಸಿತು: "ಹಾಲಮ್ಮನ ಜೊತೆಗೆ ಬಂದೋರು ಯಾರ್ರೀ?"

"ಒಂದ್ನಿಮಿಷ ಮೇಡಂ" ಎಂದು ಇವರು ಎದ್ದು ಓಡಿಯೇಬಿಟ್ಟರು. ಒಂದು ವರ್ಷದ ತೀರ್ಪು ಡಾಕ್ಟರಮ್ಮನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಕೇಳಲೂ ನಿಲ್ಲಲಿಲ್ಲ!

ಡಾಕ್ಟರಮ್ಮ ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದರು. "ಪ್ರೋಗ್ರಾಂ ಇರ್ಲಿ ಅಂತ ಹೇಳಮ್ಮ ನಿಮ್ಮ ಯಜಮಾನ್ರಿಗೆ. ಅದರಾಗೆ ಏನೂ ಬದಲಿ ಮಾಡೋದು ಬ್ಯಾಡ."

ಕೈಮುಗಿದು ಹೊರಗೆ ಬಂದೆ. ಇವರು ಬೆಂಚಿನ ಮೇಲೆ ಹಾಲಮ್ಮನೆಂಬ ಮುದುಕಿಯ ಪಕ್ಕ ಕೂತು, ಅವಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಔಷಧಿ ಚೀಟಿ ಹಿಡಿದು ನರ್ಸನ್ನು ಪೀಡಿಸುತ್ತಿದ್ದರು: "ಊಟ ಆದ್ಮೇಲೆ ಅಂದ್ರೆ ಎಷ್ಟು ಹೊತ್ತಿಗೆ? ಅಜ್ಜಿ ಊಟ ಬಿಟ್ಟ ದಿನ ಏನು ಮಾಡ್ಬೇಕು?" ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯನನ್ನು ಕಂಡು ಇಷ್ಟು ಪ್ರೀತಿ ಉಕ್ಕಿದ್ದು ಆವತ್ತೇ.

ಹಾಲಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಈಯಮ್ಮ ಯಾರಪ್ಪಾ?"

ಇವರು ಹೇಳುವ ಮೊದಲೇ ನಾನು ಆಚೆ ಪಕ್ಕ ಜಾಗ ಮಾಡಿಕೊಂಡು ಕೂತೆ.

"ನಾನು ಇವರ ಜೊತೆಗೆ ಬಂದೋಳು ಕಣಜ್ಜಿ" ಎಂದೆ.