ಹ್ಯಾಂಡಲ್ಲಿಗೆ ಕಟ್ಟಿದ ರೇಡಿಯೋ

ತಪ್ಪು ಮಾಡಿದವನಿಗೆ ಬರುವಷ್ಟು ಸಿಟ್ಟು ತಪ್ಪು ಮಾಡದವನಿಗೆ ಎಂದೂ ಬರುವುದಿಲ್ಲ. ಇದನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಮೆಟ್ರಿಕ್ ಮುಗಿದ ಮೇಲೆ ಗ್ರಂಥಗಳಿಗೂ ನನಗೂ ಹೋಗು-ಬರುವ ಬಳಕೆ ಉಳಿಯಲಿಲ್ಲ. ಇದು ಸ್ವಂತ ಅನುಭವ. ಆಯುಷ್ಯದಲ್ಲಿ ನಾನು ಅತಿ ಹೆಚ್ಚು ಸಿಟ್ಟಿಗೆದ್ದ ದಿನ ಯಾವುದೆಂದು ಯಾರಾದರೂ ಕೇಳಿದರೆ, ಬಸವನ ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಸೈಕಲ್ ತುಳಿದ ಆ ದಿನವನ್ನೇ ತೋರಿಸುತ್ತೇನೆ. ಅವತ್ತು ನಾನು ಮಾವನ ಮೇಲೆ ಸಿಟ್ಟಾದೆ, ಬಸ್ಸಿನ ಮೇಲೆ ಸಿಟ್ಟಾದೆ, ರಸ್ತೆಯ ಏರಿನ ಮೇಲೆ, ಎಲ್ಲೋ ದೂರದಲ್ಲಿ ಕ್ರಿಕೆಟ್ ಆಡುತ್ತಿದ್ದವರ ಮೇಲೆ, ಪರಿಚಯವೇ ಇಲ್ಲದ ಕುರಿ ಕಾಯುವವನ ಮೇಲೆ ಸಿಟ್ಟಾದೆ. ಉಳಿದವನು ನಾನೊಬ್ಬನೇ. ನನ್ನ ಸರದಿ ಈಗ, ಹಲ್ಲೆಲ್ಲ ಬಿದ್ದ ಮೇಲೆ, ಬಂದಿದೆ.

ಅದು ಎಪ್ಪತ್ತರ ದಶಕ. ಅಳಿಯನಿಗೆ ವಾಚು, ಸೈಕಲ್ಲು, ರೇಡಿಯೋ ಮೂರೂ ಸಂದರೆ ಮದುವೆ ಸಾಂಗವಾಯಿತೆಂದು ನಮ್ಮ ಕಡೆ ತಿಳಿಯುತ್ತಿದ್ದರು. ನನ್ನ ಮಾವ ವಾಚು ಕೊಡಲಿಲ್ಲ, ಸೈಕಲ್ ಕೊಡಲಿಲ್ಲ. ಆದರೆ ಚರ್ಮದ ಅಂಗಿ ತೊಟ್ಟ ಒಂದು ಟ್ರಾನ್ಸಿಸ್ಟರ್ ಕೊಟ್ಟರು. ಅದನ್ನು ಮನೆಯ ಗೂಡಿನಲ್ಲಿಟ್ಟು ಕೇಳುವುದು ನನಗೆ ಅಪಮಾನವೆನಿಸಿತು. ನನ್ನ ಸ್ವಂತ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿ, ದನಿ ಏರಿಸಿ, ಅಡತಿ ಅಂಗಡಿಯ ಗುಮಾಸ್ತನಾದ ನಾನು ಬಾಗೇವಾಡಿಯ ಪೇಟೆಯಲ್ಲಿ ಹಾಯ್ದು ಹೋದರೆ, ಮುದ್ದೇಬಿಹಾಳದಿಂದ ಕಾಳು ತಂದ ಗಾಡಿಯವರು ಎತ್ತು ನಿಲ್ಲಿಸಿ ನೋಡುತ್ತಿದ್ದರು. ಎತ್ತು ಬೆದರುತ್ತವೆಂದು ನಿಲ್ಲಿಸುತ್ತಿದ್ದರೆಂಬುದು ನನಗೆ ಬಹಳ ದಿನ ಹೊಳೆಯಲಿಲ್ಲ.

ಆ ರೇಡಿಯೋಕ್ಕೆ ಒಂದು ಮೊಂಡತನವಿತ್ತು. ಅದರ ಮೈ ಒಂದು ದಿಕ್ಕಿಗೆ ಅಡ್ಡವಾಗಿ ನಿಂತರೆ ಮಾತ್ರ ಸ್ಟೇಷನ್ ಹಿಡಿಯುವುದು. ರಸ್ತೆ ಕೊಂಚ ತಿರುಗಿತೋ, ಮಾತು ಇಂಗಿ ಹಪ್ಪಳ ಕರಿದ ಸಪ್ಪಳ ಶುರು. ಆದ್ದರಿಂದ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ರೇಡಿಯೋದ ಮುಖ ತಿರುಗಿಸುತ್ತ ಹೋಗಬೇಕು. ಕಣ್ಣು, ಕಿವಿ, ಕೈ ಎಲ್ಲ ಅದಕ್ಕೇ ಮೀಸಲು. ಹಿಂದೆ ಕ್ಯಾರಿಯರ್ ಮೇಲೆ ಯಾರಿದ್ದಾರೆಂದು ನೋಡಲು ಯಾವ ಅಂಗವೂ ಉಳಿಯುತ್ತಿರಲಿಲ್ಲ.

ಅವತ್ತು ಕ್ಯಾರಿಯರ್ ಮೇಲಿದ್ದವಳು ನನ್ನ ಹೆಂಡತಿ ಗಂಗವ್ವ. ಇಂಗಳೇಶ್ವರ ಅವಳ ತವರು. ಅವಳ ತಂಗಿ ನೀಲವ್ವ ಮೊದಲ ಸಲ ಗಂಡನ ಮನೆಗೆ, ಇಂಡಿ ಊರಿನ ಕಡೆಗೆ, ಮಧ್ಯಾಹ್ನದ ಬಸ್ಸಿಗೆ ಹೊರಡುವವಳಿದ್ದಳು. ತಾಯಿ ತೀರಿಕೊಂಡಾಗ ನೀಲವ್ವ ಇನ್ನೂ ಅಂಬೆಗಾಲಿನ ಕೂಸು. ಎತ್ತಿ ಆಡಿಸಿ ಬೆಳೆಸಿದವಳು ಗಂಗವ್ವನೇ. ತಾಯಿಯ ಜಾಗದಲ್ಲಿ ನಿಂತು ತಂಗಿಯ ಉಡಿ ತುಂಬುವವಳೂ ಅವಳೇ. ಅಕ್ಕಿ, ಖಣ, ಕೊಬ್ಬರಿ, ಉತ್ತತ್ತಿ ಎಲ್ಲ ಒಂದು ಚೀಲಕ್ಕೆ ಹಾಕಿ ಹ್ಯಾಂಡಲ್ಲಿಗೆ ತೂಗುಹಾಕಿದ್ದಳು.

"ಮುಂಜಾನೆ ಬಸ್ಸಿಗೆ ಹೋಗೂಣ್ರಿ. ತಡಾ ಆದ್ರ ನೀಲಿ ಅಳತಾಳ," ಎಂದಿದ್ದಳು.

"ಮನ್ಯಾಗ ಸೈಕಲ್ ಇಟಗೊಂಡು ಬಸ್ಸಿಗೆ ಯಾಕ ಹೋಗಬೇಕು?" ಎಂದೆ. ಅಸಲು ಮಾತೆಂದರೆ, ಬಸ್ಸಿನ ಗದ್ದಲದಲ್ಲಿ ಕ್ರಿಕೆಟ್ ಕಾಮೆಂಟ್ರಿ ಕೇಳಿಸುವುದಿಲ್ಲ. ಹಾಗೆ ನೋಡಿದರೆ ಆ ಇಂಗ್ಲಿಷ್ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ತಿಳಿಯದವನಿಗೇ ಹೆಚ್ಚು ಗಮನ ಬೇಕಾಗುತ್ತದೆ.

ನಮ್ಮ ಕಡೆ ಒಂದು ರೂಢಿ. ಏರು ಬಂದಾಗ ಕ್ಯಾರಿಯರ್ ಮೇಲಿನ ಹೆಣ್ಣುಮಗಳು ತಾನಾಗಿ ಇಳಿದು ನಡೆಯುತ್ತಾಳೆ. ಏರು ಮುಗಿದ ಮೇಲೆ ಗಂಡ ನಿಂತು ಹತ್ತಿಸಿಕೊಳ್ಳುತ್ತಾನೆ. ಗಂಗವ್ವ ತನ್ನ ಪಾಲಿನದು ಮಾಡಿದಳು. ನಾನು ನಿಲ್ಲುವುದನ್ನು ಮರೆತೆ. ಸೈಕಲ್ ಒಮ್ಮೆಲೆ ಹಗುರಾದದ್ದು ತಿಳಿಯಿತು. ಆಟದ ಹುರುಪಿಗೆ ನನ್ನ ಕಾಲಿಗೇ ಬಲ ಬಂದಿದೆ ಎಂದುಕೊಂಡೆ. ಹಿಂದಿನಿಂದ ಏನೋ ಕೂಗು ಕೇಳಿಸಿತು. ಮೈದಾನದ ಜನರ ಗದ್ದಲ ಎಂದುಕೊಂಡೆ. ರಸ್ತೆಯ ಬದಿಯಲ್ಲಿ ಒಬ್ಬ ಕುರಿ ಕಾಯುವವ ಕೋಲು ಬೀಸುತ್ತ ಓಡಿ ಬಂದ. ಆ ದಿನಗಳಲ್ಲಿ ರೇಡಿಯೋ ಹಿಡಿದವನನ್ನು ಕಂಡವರೆಲ್ಲ ಕೇಳುತ್ತಿದ್ದುದು ಸ್ಕೋರ್ ಒಂದೇ. ನಾನು ನಾಲ್ಕು ಬೆರಳೆತ್ತಿ, "ನಾಲ್ಕ ವಿಕೆಟ್ ಹೋದ್ವು!" ಎಂದು ಕೂಗಿದೆ. ಅವನು ಹಣೆ ಹಣೆ ಬಡಿದುಕೊಂಡ. ನಮ್ಮವರ ಸೋಲಿಗೆ ಇಷ್ಟು ಮರುಗುವ ಜನ ಅಡವಿಯಲ್ಲೂ ಇದ್ದಾರಲ್ಲ ಎಂದು ನನ್ನ ಎದೆ ತುಂಬಿ ಬಂತು.

ಮಾವನ ಮನೆ ಮುಂದೆ ಗಂಟೆ ಬಾರಿಸಿ ಇಳಿದೆ. ಮಾವ ಹೊರಗೆ ಬಂದರು.

"ಬರ್ರಿ ಅಳಿಯಂದಿರ. ಗಂಗವ್ವ ಎಲ್ಲಿ?"

"ಹಿಂದ..." ಎಂದು ತಿರುಗಿದೆ. ಕ್ಯಾರಿಯರ್ ಬಿಸಿಲಿಗೆ ಮಿಂಚುತ್ತಿತ್ತು. "ಎಲ್ಲೋ ಇಳದಾಳ್ರಿ," ಎಂದೆ.

"ಎಲ್ಲಿ?"

"ಅದು ನನಗೇನ ಗೊತ್ರಿ? ಇಳಿಯೋರು ಹೇಳಿ ಇಳೀಬೇಕು!"

ಮಾವ ಒಮ್ಮೆ ಕ್ಯಾರಿಯರ್ ನೋಡಿದರು, ಒಮ್ಮೆ ಹ್ಯಾಂಡಲ್ ನೋಡಿದರು. "ನಿಮಗ ಎರಡು ಕೊಟ್ಟಿದ್ದೆ. ಒಂದು ಮಗಳು, ಒಂದು ರೇಡಿಯೋ. ರೇಡಿಯೋ ಮಾತ್ರ ಭಾಳ ಜ್ವಾಕಿಲೆ ತಂದೀರಿ ನೋಡ್ರಿ."

ಒಳಗಿನಿಂದ ನೀಲವ್ವ ಹಸಿರು ಬಳೆ ಗಲಗಲ ಅನ್ನಿಸುತ್ತ ಓಡಿ ಬಂದು, "ನಮ್ಮಕ್ಕಗ ಏನಾತ್ರೀ? ಅಕ್ಕ ಬರೂತನಕ ನಾ ಬಸ್ ಹತ್ತೂದಿಲ್ಲ," ಎಂದು ಅಳತೊಡಗಿದಳು. ಕರೆದೊಯ್ಯಲು ಬಂದ ಬೀಗರು, ಗಳಿಗೆ ಮೀರುತ್ತದೆ, ಬಸ್ ತಪ್ಪುತ್ತದೆ ಎಂದು ಗೊಣಗಿದರು. ಮೂಲೆಯಲ್ಲಿ ಕೂತಿದ್ದ ಗಂಗವ್ವನ ಸೋದರತ್ತೆ ಮಾತ್ರ ನಿಧಾನವಾಗಿ, "ಅಳಿಯಂದಿರ, ಸ್ಕೋರ್ ಎಷ್ಟಾತ್ರಿ?" ಎಂದರು.

ನೀವೇ ಹೇಳಿ, ಇದು ನ್ಯಾಯವೇ? ಬಿಸಿಲಿನಲ್ಲಿ ಅಷ್ಟು ದೂರ ತುಳಿದು ಬಂದವ ನಾನು. ಕಾಲಿಗೆ ನೀರಿಲ್ಲ, ಕೈಗೆ ಬೆಲ್ಲವಿಲ್ಲ. ಬಂದ ಕಾಲಲ್ಲೇ ಹಿಂದಕ್ಕೆ ಅಟ್ಟಿದರು. ನಾನು ಹಲ್ಲು ಕಡಿಯುತ್ತ ತುಳಿದೆ. ಇಳಿದವಳ ತಪ್ಪು, ಏರು ಮಾಡಿದ ರಸ್ತೆಯ ತಪ್ಪು, ಅಷ್ಟು ಜಲ್ದಿ ಔಟಾದವರ ತಪ್ಪು ಎಂದು ಒಂದೊಂದು ಪೆಡಲ್ಲಿಗೆ ಒಬ್ಬೊಬ್ಬರನ್ನು ಬೈದೆ. ಅಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆಯುತ್ತ ನನ್ನನ್ನು ದಾಟಿ, ಮುಖದ ತುಂಬ ಧೂಳು ಬಳಿದು ಹೋಯಿತು. ಕಿಟಕಿಯಲ್ಲಿ ನೀಲವ್ವನ ಅತ್ತು ಕೆಂಪಾದ ಮುಖ ಕಂಡಿತು. ಬೀಗರು ಹಠ ಸಾಧಿಸಿದ್ದರು. ನನ್ನ ಹ್ಯಾಂಡಲ್ಲಿನಲ್ಲಿ ಅವಳ ಉಡಿಯ ಚೀಲ ತೂಗಾಡುತ್ತಲೇ ಇತ್ತು.

ಏರಿನ ಹತ್ತಿರ ಬಂದಾಗ ನೋಡುತ್ತೇನೆ, ಬಸ್ಸು ನಿಂತಿದೆ. ಗಂಗವ್ವ ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದಳಂತೆ. ಡ್ರೈವರ್ ಬೈದನಂತೆ, ಇವಳು ಸರಿಯಲಿಲ್ಲವಂತೆ. ಈಗ ರಸ್ತೆಯ ಬದಿಗೆ ಹಾಸಿದ ಗೋಣಿತಟ್ಟಿನ ಮೇಲೆ ನೀಲವ್ವ ಮೂಡಲಿಗೆ ಮುಖ ಮಾಡಿ ಸೆರಗೊಡ್ಡಿ ಕೂತಿದ್ದಳು. ಬಸ್ಸಿನ ಹೆಂಗಸರೆಲ್ಲ ಇಳಿದಿದ್ದರು. ಒಬ್ಬಾಕೆ ಬುಟ್ಟಿಯಿಂದ ಜೋಳ ಕೊಟ್ಟಿದ್ದಳು, ಒಬ್ಬಾಕೆ ಎಲೆಸಂಚಿಯಿಂದ ಅಡಿಕೆ. ತವರಿನಿಂದ ಹೊರಟಿದ್ದ ಇನ್ನೊಬ್ಬಾಕೆ ಗಂಟು ಬಿಚ್ಚಿ ಹೊಸ ಖಣ ತೆಗೆದುಕೊಟ್ಟಿದ್ದಳು. ಗಂಗವ್ವ ಧೂಳು ತುಂಬಿದ ಕಾಲಲ್ಲೇ ನಿಂತು ತಂಗಿಯ ಉಡಿ ತುಂಬಿ, ಅವಳ ಗಲ್ಲ ಸವರಿ ನೆಟಿಗೆ ಮುರಿದಳು. ಇಬ್ಬರೂ ಅಳಲಿಲ್ಲ, ಸುತ್ತ ನಿಂತವರು ಅತ್ತರು.

ನಾನು ಚೀಲ ಹಿಡಿದು ಮುಂದೆ ಹೋದೆ. ಒಬ್ಬ ಮುದುಕಿ ನನ್ನನ್ನೂ ಸೈಕಲ್ಲನ್ನೂ ನೋಡಿ, "ಉಡಿ ತುಂಬೂದು ಮುಗೀತ್ರಿ ಸಾಹೇಬ್ರ. ನೀವು ತಂದದ್ದು ನಿಮ್ಮ ರೇಡಿಯೋಕ್ಕ ತುಂಬರಿ," ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ನನ್ನ ಸಿಟ್ಟು ನೆತ್ತಿಗೇರಿತು. "ಮಂದಿ ಮುಂದ ಮರ್ಯಾದಿ ಕಳದಿ! ನಾ ಮುಂದ ಹ್ವಾದ್ರ ಒದರಬಾರದಿತ್ತೇನ? ಬಾಯಾಗ ನಾಲಿಗಿ ಇರಲಿಲ್ಲೇನ?" ಎಂದು ಗಂಗವ್ವನ ಮೇಲೆ ಹರಿಹಾಯ್ದೆ. ಅವಳು ನನ್ನ ಕೈಯಿಂದ ಚೀಲ ಇಸಿದುಕೊಂಡು ನೀಲವ್ವನ ಮಡಿಲಿಗಿಟ್ಟು, ಬಾಗೇವಾಡಿಯ ತನಕ ತಂಗಿಯ ಪಕ್ಕದಲ್ಲಿ ಕೂಡಲು ಬಸ್ ಹತ್ತಿಬಿಟ್ಟಳು. "ಬರ್ರಿ ಹಿಂದಿಂದ," ಎಂದು ಕಂಡಕ್ಟರ್ ಸೀಟಿ ಊದಿದ.

ನಾನು, ಸೈಕಲ್ಲು, ಏರು. ರೇಡಿಯೋ ಇನ್ನೂ ಹಪ್ಪಳ ಕರಿಯುತ್ತಿತ್ತು. ಆ ಕುರಿ ಕಾಯುವವ ಹತ್ತಿರ ಬಂದು, "ಏನ್ ಶಿವಲಿಂಗಪ್ಪನವರ, ದಣದೀರೇನ?" ಎಂದ.

"ನನ್ನ ಹೆಸರು ನಿನಗ ಯಾರ್ ಹೇಳಿದ್ರೋ? ಗುರುತಿಲ್ಲ, ಪರಿಚಯ ಇಲ್ಲ!" ಎಂದು ಅವನ ಮೇಲೂ ರೇಗಿದೆ.

"ನಿಮ್ಮ ಮನಿಯವರ ಹೇಳಿದ್ರಲ್ರೀ. ಮದಲ 'ಏನ್ರೀ, ನಿಂದರ್ರೀ' ಅಂದ್ರು. ನೀವು ನಿಂದರಲಿಲ್ಲ. ಆಮ್ಯಾಲ ಅಳಕೋಂತ ಹೆಸರು ಹಿಡದ ಒದರಿದ್ರು. ನಮ್ಮ ಕುರಿ ಸೈತ ತಿರುಗಿ ನೋಡಿದ್ವು."

ಆ ಕಾಲದ ಹೆಂಗಸರು ಗಂಡನ ಹೆಸರು ಹಿಡಿಯುತ್ತಿರಲಿಲ್ಲ. ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದರು. ಮದುವೆಯಲ್ಲಿ ಎಲ್ಲರೂ ಕಾಡಿದಾಗ ಗಂಗವ್ವ ಪ್ರಾಸದ ಒಡಪು ಕಟ್ಟಿ ಅದರಲ್ಲಿ ನನ್ನ ಹೆಸರು ಹೇಳಿದ್ದಳು, ಅದೂ ಸೆರಗಿನೊಳಗೆ. ಆಮೇಲೆ ಗಂಟಲು ಬಿಚ್ಚಿ ನನ್ನ ಹೆಸರು ಕರೆದದ್ದು ಆ ಏರಿನಲ್ಲಿ, ಅದೊಂದೇ ಸಲ. ಕುರಿಗಳು ಕೇಳಿಸಿಕೊಂಡವು. ಇನ್ನೊಮ್ಮೆ ಕರೆ ಎಂದು ಈ ಮುಪ್ಪಿನಲ್ಲಿ ನಾಚಿಕೆ ಬಿಟ್ಟು ಕೇಳಿದರೆ, "ಕರದಾಗ ಎಲ್ಲಿದ್ರಿ?" ಎನ್ನುತ್ತಾಳೆ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬುದೂ ಸುಳ್ಳಿರಲಾರದು. ನಾನು ಎಂಬತ್ತು ದಾಟಿ ಗಟ್ಟಿಮುಟ್ಟಾಗಿದ್ದೇನೆ, ನಿಜ. ಆದರೆ ಕೇಳಿಸಿಕೊಂಡಿದ್ದರೆ ತಾನೆ ಕಡಿಮೆಯಾಗುವುದು!